ನಿಂತು ನೋಡುವ ಜಾಗಗಳು

ಹಾಸನದಲ್ಲಿ ನನ್ನ ಮಗಳ ಮನೆ ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ನಡುವೆ ಒಂದು ಕಡೆ ತಿರುಗುತ್ತದೆ. ಆ ತಿರುವಿನಲ್ಲಿ ಕಬ್ಬಿಣದ ಸರಳಿನ ಒಂದು ಕಿಟಕಿ. ಸಂಜೆ ಹಾಲು ತೆಗೆದುಕೊಂಡು ಬರುವಾಗ ನಾನು ಅಲ್ಲಿ ನಿಲ್ಲುತ್ತೇನೆ. ನಿಂತದ್ದಕ್ಕೆ ಕಾರಣ ಬೇಕಲ್ಲ, ಹೊರಗೆ ನೋಡುತ್ತೇನೆ. ಮೊಮ್ಮಗಳು ಚೈತ್ರ ಜೊತೆಗಿದ್ದರೆ ಅವಳಿಗೂ ತೋರಿಸುತ್ತೇನೆ.

“ನೋಡು ಮಗ, ಆ ಮನೆಯೋರು ಇನ್ನೂ ಬಟ್ಟೆ ತೆಗ್ದಿಲ್ಲ.”

“ತೆಗೀತಾರೆ ಬಿಡಿ ತಾತ.”

ಮಾರನೆಯ ದಿನ ವಾಟರ್ ಟ್ಯಾಂಕು. ಅದರ ಮಾರನೆಯ ದಿನ ಎದುರು ಮನೆಯ ನಾಯಿ. ನಿಜಕ್ಕೂ ಅಲ್ಲಿ ನೋಡುವಂಥದ್ದು ಏನೂ ಇಲ್ಲ. ನನ್ನ ಉಸಿರು ಕೆಳಗೇ ಉಳಿದುಬಿಟ್ಟಿರುತ್ತದೆ. ಅದು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ನನ್ನನ್ನು ಸೇರಿಕೊಳ್ಳುವವರೆಗೆ ಕಾಯಬೇಕು, ಅಷ್ಟೆ.

ಈ ಉಪಾಯ ನಾನೇ ಕಂಡುಹಿಡಿದದ್ದು ಎಂದು ಬಹಳ ದಿನ ಅಂದುಕೊಂಡಿದ್ದೆ. ಹೋದ ತಿಂಗಳು ಒಂದು ಸಂಜೆ ವಾಟರ್ ಟ್ಯಾಂಕು ತೋರಿಸುತ್ತಾ ನಿಂತಿದ್ದಾಗ, ಇದನ್ನು ನನಗಿಂತ ಮೊದಲು ಮಾಡಿದವನೊಬ್ಬ ಇದ್ದ ಎಂದು ನೆನಪಾಯಿತು. ಕೈಯಲ್ಲಿದ್ದ ಹಾಲಿನ ಪೊಟ್ಟಣ ತಣ್ಣಗಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅವನು ಪುಟ್ಟಸ್ವಾಮಿ, ನನ್ನ ಹೆಂಡತಿ ಗೌರಿಯ ತಮ್ಮ. ಅವನನ್ನು ಕಂಡು ಬಲ್ಲವರು ಈಗ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಅವನ ತಾಯಿ ಹೋದರು, ಅಕ್ಕ ಹೋದಳು, ಅವನಿಗೆ ಮದುವೆಯಾಗಿರಲಿಲ್ಲ. ನನ್ನ ಮಗಳು ಆಗ ಹುಟ್ಟಿರಲಿಲ್ಲ. ಇನ್ನು ನಾನೂ ಹೋದರೆ ಅವನು ಎರಡನೆಯ ಸಲ ಸತ್ತ ಹಾಗೆ. ಅದಕ್ಕೇ ಬರೆಯುತ್ತಿದ್ದೇನೆ ಎಂದರೆ ಅರ್ಧ ನಿಜ. ಇನ್ನರ್ಧ ಮುಂದೆ ನಿಮಗೇ ಗೊತ್ತಾಗುತ್ತದೆ.

ಮೊದಲು ನನ್ನ ಕಸುಬಿನ ಮಾತು ಹೇಳಬೇಕು. ಚನ್ನರಾಯಪಟ್ಟಣದಲ್ಲಿ ನಮ್ಮ ತಂದೆಯ ಕಾಲದಿಂದ ಒಂದು ಕೊಬ್ಬರಿ ಮಂಡಿ ಇತ್ತು. ಎಸ್.ಎಸ್.ಎಲ್.ಸಿ. ಪಾಸು ಮಾಡಿ, ಮುಂದೆ ಓದುತ್ತೇನೆ ಎನ್ನುವ ಧೈರ್ಯವಿಲ್ಲದೆ ನಾನು ಅಲ್ಲಿಯೇ ಗಾದಿಯ ಮೇಲೆ ಕೂತೆ. ಕೊಬ್ಬರಿ ಹೇಗಾಗುತ್ತದೆ ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿತ ತೆಂಗಿನಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ನೀರು ಉಳಿದಿದ್ದರೆ ಒಂದು ಸದ್ದು, ಒಳಗೆ ಕೆಟ್ಟಿದ್ದರೆ ಇನ್ನೊಂದು ಸದ್ದು. ಒಡೆಯದೆಯೇ ಒಳಗೇನಾಗಿದೆ ಎಂದು ಹೇಳುವ ಕಿವಿ ನನ್ನದು ಎಂದು ಪೇಟೆಯಲ್ಲೆಲ್ಲ ಹೆಸರಾಗಿತ್ತು. ಈ ಕಿವಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಗೌರಿಯ ತವರು ನುಗ್ಗೇಹಳ್ಳಿ ಕಡೆಯ ಒಂದು ಹಳ್ಳಿ. ನಮ್ಮ ಮದುವೆಯಾದಾಗ ಪುಟ್ಟಸ್ವಾಮಿ ಇನ್ನೂ ಚಡ್ಡಿ ಹಾಕುವ ಹುಡುಗ. ನಮ್ಮ ಕಡೆ ಮದುವೆಯ ದಿನ ಹೆಣ್ಣಿನ ತಮ್ಮ ಗಂಡಿನ ಕಾಲು ತೊಳೆದು, ಕೊಡೆ ಹಿಡಿದು ಹಸೆಮಣೆಗೆ ಕರೆದುಕೊಂಡು ಬರಬೇಕು. ನಾನೋ ಉದ್ದದ ಆಳು, ಮೇಲೆ ಪೇಟ ಬೇರೆ. ಅವನು ತುದಿಗಾಲಿನಲ್ಲಿ ನಿಂತು, ಎರಡು ಕೈಯಲ್ಲೂ ಕೊಡೆ ಎತ್ತಿ ಹಿಡಿದು, ಹೆಜ್ಜೆಹೆಜ್ಜೆಗೂ ಕೊಡೆಯ ಕಡ್ಡಿಯಿಂದ ನನ್ನ ಪೇಟ ತಿವಿಯುತ್ತಾ ಬಂದ. ನಾನು ಹಲ್ಲು ಕಚ್ಚಿಕೊಂಡು, “ಸರಿಯಾಗಿ ಹಿಡಿಯಯ್ಯ” ಎಂದೆ. ಅವನು, “ನೀವು ವಸಿ ಬಗ್ಗಿ ಭಾವ” ಎಂದ. ಹಿಂದೆ ಬರುತ್ತಿದ್ದ ಹೆಂಗಸರೆಲ್ಲ ನಕ್ಕರು. ನನಗೆ ಅವಮಾನವಾಯಿತು. ಮದುವೆಯ ದಿನ ಭಾವನಾದವನು ಬಗ್ಗುವುದುಂಟೆ? ಬಗ್ಗಲಿಲ್ಲ.

ಅಕ್ಕನ ಗಂಡ ಬಾಯಿಬಿಟ್ಟು ಒಂದು ಕೇಳಿದರೆ ಭಾಮೈದನಾದವನು ಇಲ್ಲವೆನ್ನುವ ಹಾಗಿಲ್ಲ. ಆ ಕೊಡೆಯನ್ನು ಮದುವೆ ಮುಗಿದ ಮೇಲೂ ಮಡಿಸುವ ಹಾಗಿಲ್ಲ ಎಂದಿಟ್ಟುಕೊಳ್ಳಿ. ಈ ಪದ್ಧತಿಯನ್ನು ಮಾಡಿದವರು ಭಾವಂದಿರೇ ಇರಬೇಕು.

ನುಗ್ಗೇಹಳ್ಳಿ ಸುತ್ತ ಆಗ ನೆಲದಿಂದ ಒಂದು ಕರೀ ಕಲ್ಲು ತೆಗೆಯುತ್ತಿದ್ದರು. ತೂಕದ ಕಲ್ಲು, ಬೊಗಸೆಯಷ್ಟು ಎತ್ತಿದರೂ ಕೈ ಜಗ್ಗುತ್ತದೆ. ತಂದೆ ತೀರಿಕೊಂಡ ಮೇಲೆ ಪುಟ್ಟಸ್ವಾಮಿ ಆ ಗುಂಡಿಗಳಲ್ಲಿ ಕೆಲಸಕ್ಕೆ ಹೋದ. ಅಲ್ಲಿಗೆ ಬಂದಿದ್ದ ಮೇಸ್ತ್ರಿಯೊಬ್ಬ ಇವನ ಕೈ ಚಳಕ ನೋಡಿ ಕೋಲಾರದ ಚಿನ್ನದ ಗಣಿಗೆ ಕರೆದುಕೊಂಡು ಹೋದ. ಅಲ್ಲಿ ಅವನದು ಬಂಡೆಗೆ ಮೆಷಿನ್ನಿನಿಂದ ತೂತು ಕೊರೆಯುವ ಕೆಲಸ. ಭಾಮೈದ ಚಿನ್ನದ ಗಣಿಯಲ್ಲಿದ್ದಾನೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಾಗುತ್ತಿತ್ತು. ಅವನು ಕೊರೆಯುವುದನ್ನು ಹೇಳದೆ, ಗಣಿಯಲ್ಲಿದ್ದಾನೆ ಎಂದಷ್ಟೇ ಹೇಳಿ ನಿಲ್ಲಿಸುತ್ತಿದ್ದೆ. ಕೇಳಿದವರು ಅವನು ಮೇಜಿನ ಮುಂದೆ ಕೂತು ಚಿನ್ನ ತೂಗುತ್ತಾನೆ ಎಂದುಕೊಂಡರೆ ನಾನೇನು ಮಾಡಲಿ?

ಅರವತ್ತರ ದಶಕದ ಮೊದಲಲ್ಲಿ ಒಂದು ವರ್ಷ ಗೌರಿ ತಮ್ಮನನ್ನು ನೋಡಬೇಕು ಎಂದು ಹಠ ಹಿಡಿದಳು. ಎರಡು ಹಬ್ಬಕ್ಕೂ ಅವನು ಊರಿಗೆ ಬಂದಿರಲಿಲ್ಲ. ಅವಳಿಗೆ ತಮ್ಮ ಬೇಕಾಗಿತ್ತು, ನನಗೆ ಗಣಿ ಬೇಕಾಗಿತ್ತು. ಹೊರಡುವ ಮುಂಚೆ ಪಕ್ಕದ ಮಂಡಿಯ ನಂಜಪ್ಪನಿಗೆ ಸಾಕಷ್ಟು ಜಂಬ ಕೊಚ್ಚಿದ್ದೆ.

“ಭೂಮಿ ಒಳಕ್ಕೇ ಇಳಿದು ನೋಡ್ಕೊಂಡು ಬತ್ತೀನಿ ಕಣಯ್ಯ.”

“ನೀನಾ? ಅಟ್ಟಕ್ಕೆ ಕಾಯಿ ಹಾಕೋಕೂ ಆಳು ಕಳಿಸ್ತೀಯ, ಪಾತಾಳಕ್ಕೆ ನೀನೇ ಇಳೀತೀಯಾ?”

ಅಂಗಡಿಯ ಹಮಾಲರೆಲ್ಲ ನಕ್ಕರು. ನಂಜಪ್ಪ ತಮಾಷೆಗೆ ಅಂದದ್ದು ನನ್ನ ಬುಡಕ್ಕೇ ತಗುಲಿತ್ತು. ಚಿಕ್ಕಂದಿನಿಂದ ನನಗೆ ಕತ್ತಲೆ ಎಂದರೆ ಆಗದು. ನಮ್ಮ ಮನೆಯ ಅಟ್ಟಕ್ಕೆ ಕಿಟಕಿ ಇರಲಿಲ್ಲ. ಹಗಲಿನಲ್ಲೂ ಅಲ್ಲಿ ಗವ್ವೆನ್ನುವ ಕತ್ತಲೆ, ಒಣಗುವ ಕಾಯಿಯ ಕಮಟು ವಾಸನೆ, ಇಲಿಗಳ ಓಡಾಟ. ಕಾಯಿಗಳು ತಮ್ಮಷ್ಟಕ್ಕೆ ತಾವು ಜರುಗಿ ಉರುಳುತ್ತವೆ. ಯಾರೋ ಎದ್ದು ಕೂತ ಹಾಗೆ ಕೇಳಿಸುತ್ತದೆ. ಒಂದು ಸಲ ಅಪ್ಪ ಏಣಿ ಹತ್ತಿಸಿ ಮೇಲೆ ಕಳಿಸಿದಾಗ ಅಲ್ಲೇ ಚಡ್ಡಿ ಒದ್ದೆ ಮಾಡಿಕೊಂಡೆ. ಕೆಳಗೆ ಬಂದು ಕಾಯಿ ಒಡೆದು ನೀರು ಚೆಲ್ಲಿತು ಎಂದೆ. ಒಣಗಿದ ಕಾಯಲ್ಲಿ ನೀರೆಲ್ಲಿಂದ ಬರಬೇಕು? ಅಪ್ಪ ಏನೂ ಅನ್ನಲಿಲ್ಲ. ಆ ಸುಳ್ಳು ದಕ್ಕಿತಲ್ಲ ಎಂದುಕೊಂಡದ್ದೇ ನನ್ನ ಕೆಟ್ಟ ಕಾಲಕ್ಕೆ ಮೂಲ ಇರಬೇಕು.

ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು ಇನ್ನೊಂದು ರೈಲು ಹಿಡಿದೆವು. ಕಿಟಕಿಯ ಆಚೆ ಮೊದಲು ಕಂಡದ್ದು ಬಿಳೀ ಬೆಟ್ಟಗಳು. ಮರವಿಲ್ಲ, ಹುಲ್ಲಿಲ್ಲ, ಯಾರೋ ಅಕ್ಕಿ ಹಿಟ್ಟು ರಾಶಿ ಹಾಕಿದ ಹಾಗೆ. ಚಿನ್ನ ತೆಗೆದು ಉಳಿದ ಮರಳಂತೆ ಅದು, ಊರಿನವರು ಸೈನೈಡ್ ಗುಡ್ಡ ಎನ್ನುತ್ತಿದ್ದರು. ಗಾಳಿ ಬೀಸಿದರೆ ಗುಡ್ಡದ ತಲೆಯಿಂದ ಹೊಗೆ ಎದ್ದಂತೆ ದೂಳು ಏಳುತ್ತಿತ್ತು. ಅದರ ಆಚೆ ಕಬ್ಬಿಣದ ಎತ್ತರದ ಗೋಪುರಗಳು. ತುದಿಯಲ್ಲಿ ದೊಡ್ಡ ಗಾಲಿ. ಗಾಲಿ ತಿರುಗಿತೆಂದರೆ ಜನ ಕೆಳಕ್ಕೆ ಹೋಗುತ್ತಿದ್ದಾರೆ ಅಥವಾ ಮೇಲಕ್ಕೆ ಬರುತ್ತಿದ್ದಾರೆ ಎಂದು ಅರ್ಥ.

ಸ್ಟೇಷನ್ನಿಗೆ ಪುಟ್ಟಸ್ವಾಮಿ ಬಂದಿದ್ದ. ಬಿಳೀ ಷರಟು, ಇಸ್ತ್ರಿ ಮಾಡಿದ ಪ್ಯಾಂಟು. ಸಣ್ಣಗಾಗಿದ್ದ. ಗೌರಿ ಅವನ ಮುಖ ಮುಟ್ಟಿ ನೋಡಿ, “ಉಣ್ತೀಯೇನ್ಲಾ?” ಎಂದಳು.

“ಉಣ್ಣದೇನಕ್ಕ, ಇಲ್ಲಿ ಬ್ರೆಡ್ಡು ಬೆಣ್ಣೆ ಎಲ್ಲಾ ಸಿಗ್ತದೆ. ದೊರೆಗಳ ಊರು.” ಟ್ರಂಕನ್ನು ನಾನು ಎತ್ತುವ ಮೊದಲೇ ಹೆಗಲಿಗೆ ಹಾಕಿಕೊಂಡ.

ದೊರೆಗಳ ಊರೇ ಅದು. ಬಯಲುಸೀಮೆ, ಬಿಸಿಲು ಸುಡುತ್ತದೆ ಎಂದುಕೊಂಡು ಹೋಗಿದ್ದ ನನಗೆ ಬೆಳಗಿನ ಗಾಳಿ ಕಿವಿ ಕಚ್ಚಿತು. ಅಷ್ಟು ಎತ್ತರದ ನೆಲ. ಕೆಂಪು ತಗಡಿನ ಮಾಡಿನ ಬಂಗಲೆಗಳು, ಕತ್ತರಿಸಿ ಸಮ ಮಾಡಿದ ಬೇಲಿಗಳು, ನಮ್ಮ ತಾತನ ಕಾಲದಲ್ಲೇ ಬಂದ ಕರೆಂಟಿನ ದೀಪಗಳು. ಬಂಗಲೆಗಳನ್ನು ದಾಟಿ ತಗ್ಗಿಗೆ ಇಳಿದರೆ ಸಾಲುಮನೆಗಳು. ತಟ್ಟಿಯ ಗೋಡೆ, ತಗಡಿನ ಮಾಡು, ಒಂದು ಕೋಣೆ, ಮುಂದೆ ಒಂದಿಷ್ಟು ಜಗುಲಿ. ಪುಟ್ಟಸ್ವಾಮಿಯದು ಅಂಥದೊಂದು. ಅವನು ಆ ಒಂದೇ ಮಂಚವನ್ನು ನನಗೆ ಬಿಟ್ಟು ತಾನು ಜಗುಲಿಯಲ್ಲಿ ಮಲಗಿದ. ಬೆಳಗಿನ ಜಾವ ಅವನ ಕೆಮ್ಮು ಕೇಳುತ್ತಿತ್ತು. “ಚಳಿಗೆ” ಎಂದ. ಗೌರಿ ತನ್ನ ಹೊದಿಕೆ ಕೊಟ್ಟಳು. ನಾನು ನನ್ನದನ್ನು ಇನ್ನೂ ಬಿಗಿಯಾಗಿ ಹೊದ್ದುಕೊಂಡೆ.

ಮಾರನೆಯ ದಿನ ಅವನು ಪಾಳಿಗೆ ಹೋಗಿದ್ದಾಗ ಒಂದು ಸಂಗತಿ ನಡೆಯಿತು. ಗೌರಿ ಒಲೆಯ ಮುಂದೆ ಇದ್ದಳು, ನಾನು ಪೇಪರು ಓದುತ್ತಿದ್ದೆ. ಗೂಡಿನಲ್ಲಿದ್ದ ಪಾತ್ರೆಗಳೆಲ್ಲ ಒಮ್ಮೆಲೇ ಜಣಜಣ ಎಂದವು. ಕಾಲಡಿಯಲ್ಲಿ ಯಾರೋ ಗುದ್ದಿದ ಹಾಗಾಯಿತು. ಹೊರಗೆ ನೋಡಿದರೆ ಸಾಲಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದಾರೆ. ಎಲ್ಲರ ಕಿವಿಯೂ ಒಂದೇ ಕಡೆ. ಸ್ವಲ್ಪ ಹೊತ್ತಾದ ಮೇಲೆ, ಅಪಘಾತದ ಸೈರನ್ ಕೂಗಲಿಲ್ಲವೆಂದು ಒಬ್ಬೊಬ್ಬರಾಗಿ ಒಳಗೆ ಹೋದರು. ಪಕ್ಕದ ಮನೆಯ ತಮಿಳು ಅಜ್ಜಿ ಗೌರಿಯ ಕೈ ಹಿಡಿದು, “ಏನೂ ಇಲ್ಲಮ್ಮ. ಭೂಮಿ ಮಗ್ಗಲು ಬದಲಾಯಿಸ್ತು, ಅಷ್ಟೇ” ಎಂದಳು. ಆಳದಲ್ಲಿ ಬಂಡೆ ಸಿಡಿದರೆ ಹಾಗಾಗುತ್ತದಂತೆ. ಗೌರಿ ಪಾಳಿ ಮುಗಿಯುವವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ. ಅನ್ನ ಸೀದಿತು. ನಾನು ಸೀದ ಅನ್ನಕ್ಕೆ ಸಿಡುಕಿದೆ.

ಸಂಜೆ ಅವನು ಮುಖ ತೊಳೆದು ಬಂದು ಕೂತು ಗಣಿಯ ಕಥೆ ಹೇಳಿದ. ಪಂಜರದ ಹಾಗಿರುವ ಲಿಫ್ಟಿನಲ್ಲಿ ಇಳಿಯುವಾಗ ಹೊಟ್ಟೆ ಬಾಯಿಗೆ ಬರುವುದು, ಕೆಳಗೆ ಹೋದಷ್ಟೂ ಸೆಕೆ ಹೆಚ್ಚುವುದು, ಮೇಲಿನಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕುವುದು, ತಲೆಯ ದೀಪ ತಾಗಿದಾಗ ಬಿಳೀ ಕಲ್ಲು ಸಕ್ಕರೆ ಅಚ್ಚಿನ ಹಾಗೆ ಹೊಳೆಯುವುದು. “ಚಿನ್ನ ಕಾಣ್ತದೇನಯ್ಯ?” ಎಂದೆ. “ನಾನಿನ್ನೂ ಕಂಡಿಲ್ಲ ಭಾವ” ಎಂದು ನಕ್ಕ.

ನನ್ನನ್ನು ಕೆಳಗೆ ಕರೆದುಕೊಂಡು ಹೋಗಲು ಅನುಮತಿ ಬೇಕಾಗಿತ್ತು. ಅವನು ಎರಡು ದಿನ ಪಾಳಿ ಮುಗಿಸಿಕೊಂಡು ಯಾರಯಾರ ಬಾಗಿಲಿಗೋ ಅಲೆದ. ಆ ವಾರ ಹೊರಗಿನವರನ್ನು ಬಿಡುವುದಿಲ್ಲವೆಂದರಂತೆ. ಬಂದು ತಪ್ಪು ಮಾಡಿದವನ ಹಾಗೆ ಹೇಳಿದ. ನನಗೆ ಒಳಗೊಳಗೆ ಹಾಯ್ ಎನಿಸಿತು. ಆದರೆ ಮುಖದ ಮೇಲೆ ಸಿಟ್ಟು ತಂದುಕೊಂಡೆ. ಅಳಿಯನ ಮುನಿಸು ಎನ್ನುವುದು ನಮ್ಮಲ್ಲಿ ಒಂದು ವಿದ್ಯೆ. ಜಗಳವಾಡುವುದಿಲ್ಲ, ಬಡಿಸಿದ್ದನ್ನು ಅರ್ಧಕ್ಕೆ ಬಿಟ್ಟು ಎದ್ದು ಕೈ ತೊಳೆಯುವುದು. ನಾನು ಅಂದು ಹಾಗೆ ಎದ್ದೆ.

“ನಂಜಪ್ಪನಿಗೆ ಏನು ಹೇಳಲಿ? ಇಷ್ಟು ದೂರ ಬಂದು ಗುಡ್ಡದ ದೂಳು ಕುಡಿದು ಬಂದೆ ಅನ್ನಲಾ?”

ಗೌರಿ, “ಅವನೇನ್ ಮಾಡಾನು?” ಎಂದಳು. ಪುಟ್ಟಸ್ವಾಮಿ ಎದ್ದು ಬಂದು ನನ್ನ ಕೈಗೆ ನೀರು ಹಾಕಿದ. ಆಮೇಲೆ, “ಭಾವ, ಕೋಲಾರದ ತಾವ ಅಂತರಗಂಗೆ ಬೆಟ್ಟ ಐತೆ. ಬಸವನ ಬಾಯಲ್ಲಿ ವರ್ಷೆಲ್ಲಾ ನೀರು ಬತ್ತದೆ. ಅದರ ಮೇಲೆ ಗವಿಗಳವೆ. ಭೂಮಿ ಒಳಕ್ಕೆ ಓದಂಗೇ ಇರ್ತದೆ. ನಾಳೆ ರಜ ಆಕ್ತೀನಿ” ಎಂದ.

“ನೀನು ಬೆಟ್ಟ ಅತ್ತೀಯಾ?” ಎಂದಳು ಗೌರಿ. ಅವಳ ದನಿಯಲ್ಲಿ ಏನೋ ಇತ್ತು.

“ಭಾವ ಬತ್ತಾರಲ್ಲಕ್ಕ.”

ಅಂತರಗಂಗೆಗೆ ಮೆಟ್ಟಿಲುಗಳಿವೆ. ಎರಡೂ ಕಡೆ ಮರ, ಮರದ ತುಂಬ ಕೋತಿ. ಮೊದಲ ತಿರುವಿನಲ್ಲಿಯೇ ಒಂದು ಮುದಿ ಕೋತಿ ಬಂದು ನನ್ನ ಕೈಯ ಬಾಳೆಹಣ್ಣಿನ ಚಿಪ್ಪನ್ನು ಸ್ವಂತ ಸೊತ್ತಿನ ಹಾಗೆ ತೆಗೆದುಕೊಂಡು ಹೋಯಿತು. ಎಲ್ಲರೂ ನಕ್ಕೆವು. ಪುಟ್ಟಸ್ವಾಮಿ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಮರಕ್ಕೆ ಒರಗಿ ನಿಂತು, “ಭಾವ, ಅಲ್ನೋಡಿ, ಕೋಲಾರದ ಕೆರೆ” ಎಂದ. ನೋಡಿದೆವು. ಸ್ವಲ್ಪ ಹತ್ತಿ ಮತ್ತೆ ನಿಂತ. “ಅಲ್ಲಿ ರೈಲು ರಸ್ತೆ.” ಮತ್ತೆ ಸ್ವಲ್ಪ ಹತ್ತಿ, “ಆ ಕೊನೇಲಿ ಬೆಳ್ಳಗೆ ಕಾಣ್ತದಲ್ಲ, ಅದು ನಮ್ ಸೈನೈಡ್ ಗುಡ್ಡ.”

ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಬಿಸಿಲು ಬಿಟ್ಟು ಏನೂ ಕಾಣಲಿಲ್ಲ.

“ಎಲ್ಲಯ್ಯ? ಹಿಂಗೆ ಮೆಟ್ಟಿಲಿಗೊಂದು ತೋರಿಸ್ತಾ ಹೋದ್ರೆ ಮೇಲೆ ಹೋಗೋದು ಯಾವಾಗ? ಪಾತಾಳಕ್ಕೆ ಇಳಿಯೋನು, ಇಷ್ಟು ಮೆಟ್ಟಿಲು ಹತ್ತಲಾರೆಯಾ?”

“ಅಲ್ಲಿ ಲಿಫ್ಟು ಐತಲ್ಲ ಭಾವ” ಎಂದ. ಅವನು ಹೀಗೆ ಒಂದು ಮಾತಿನಲ್ಲಿ ಎಲ್ಲವನ್ನೂ ಹಗುರ ಮಾಡಿಬಿಡುತ್ತಿದ್ದ.

ಅವನು ಆ ಮಾತನ್ನು ಹೇಳುವಾಗ ನಾನು ಪಕ್ಕದಲ್ಲಿಯೇ ನಿಂತಿದ್ದೆ. ಅವನ ಎದೆಯ ಸದ್ದು ನನಗೆ ಕೇಳಿತು. ಉಸಿರು ಒಳಗೆ ಹೋಗುವಾಗ ಒಂದು ಸದ್ದು, ಹೊರಗೆ ಬರುವಾಗ ಇನ್ನೊಂದು. ಇಷ್ಟು ವರ್ಷವೂ ನಾನು ನನಗೇ ಹೇಳಿಕೊಂಡು ಬಂದದ್ದು, ಅಂದು ನನಗೆ ಗೊತ್ತಾಗಲಿಲ್ಲ ಎಂದು. ಈ ಕಿವಿಗೆ ಗೊತ್ತಾಗದೆ ಇರಲು ಸಾಧ್ಯವಿಲ್ಲ. ದಿನಕ್ಕೆ ಗಾಡಿಗಟ್ಟಲೆ ಕಾಯಿ ಅಲ್ಲಾಡಿಸಿ ಕೇಳುತ್ತಿದ್ದ ಕಿವಿ ಇದು. ಒಳಗೆ ಕೆಟ್ಟಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿಯೂ ಹತ್ತಿದೆ. ಹಿಂದೆ ನೋಡಲಿಲ್ಲ.

ಗೌರಿ ನಡುವೆ ನಡುವೆ ಕೂತುಬಿಡುತ್ತಿದ್ದಳು. “ಕಾಲು ಉಳುಕಿದಂಗಾಯ್ತು, ತಡೀರಿ.” ಇನ್ನೊಂದು ಸಲ, “ಸೀರೆ ನಿರಿಗೆ ಬಿಚ್ಚೋಯ್ತು.” ಹೆಂಗಸರನ್ನು ಕಟ್ಟಿಕೊಂಡು ಬೆಟ್ಟ ಹತ್ತಬಾರದು ಎಂದು ನಾನು ಗೊಣಗಿದೆ. ಅವಳಿಗೆ ಕಾಲು ಉಳುಕಿರಲಿಲ್ಲ. ಇಬ್ಬರೂ ಸೇರಿ ನನ್ನನ್ನು ನಿಲ್ಲಿಸಲು ಒದ್ದಾಡುತ್ತಿದ್ದರು. ನಿಲ್ಲಿ ಎಂದು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಬಸವನ ಬಾಯಿಂದ ನೀರು ಬೀಳುವುದನ್ನು ನೋಡಿದೆವು. ಕಲ್ಲಿನ ಬಸವ, ಸಣ್ಣ ಧಾರೆ. ಎಲ್ಲಿಂದ ಬರುತ್ತದೆಂದು ಯಾರಿಗೂ ಗೊತ್ತಿಲ್ಲವಂತೆ. ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ತಂಪು. ಪುಟ್ಟಸ್ವಾಮಿ ಬೊಗಸೆ ಒಡ್ಡಿ ಕುಡಿದು, ತಲೆಗೆ ಚಿಮುಕಿಸಿಕೊಂಡು, ಅಲ್ಲೇ ಕಲ್ಲಿನ ಮೇಲೆ ಕೂತ. ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಇಲ್ಲೇ ಚೆನ್ನಾಗೈತೆ, ಕೂತ್ಕಂಡು ಬುತ್ತಿ ಉಣ್ಣಾನ” ಎಂದಳು ಗೌರಿ.

“ಗವಿ?” ಎಂದೆ ನಾನು.

ಒಂದೇ ಒಂದು ಮಾತು. ಅವನು ಎದ್ದ.

ಅಲ್ಲಿಂದ ಮೇಲಕ್ಕೆ ಮೆಟ್ಟಿಲಿಲ್ಲ. ಆನೆಯಂಥ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ. ಕೈ ಊರಿ ಹತ್ತಬೇಕು. ಆಗಲೂ ಅವನು ಎರಡು ಕಡೆ ನಿಂತು ಏನೇನೋ ತೋರಿಸಿದ. ಮೂರನೆಯ ಸಲ ನಿಂತಾಗ ತೋರಿಸಲು ಕೈ ಎತ್ತಿದವನು ಮಾತಿಲ್ಲದೆ ಹಾಗೇ ಇಳಿಸಿದ. ಗವಿಯ ಬಾಯಿ ತಲುಪಿದಾಗ ಕೂತು, ನನ್ನ ಕೈಗೆ ಬ್ಯಾಟರಿ ಕೊಟ್ಟು, “ನೀವು ಓಗ್ಬನ್ನಿ ಭಾವ. ನಾನು ದಿನಾ ನೋಡೋದೇ ಅಲ್ವಾ ಒಳಗಡೆ” ಎಂದ. ಗೌರಿ ಅವನ ಬೆನ್ನು ಸವರುತ್ತಾ ಕೂತಳು.

ನಾನು ಬಗ್ಗಿ ಒಳಗೆ ಹೋದೆ.

ಹೋದೆ ಎಂದರೆ, ಹೊರಗಿನವರಿಗೆ ಕಾಣದಷ್ಟು ದೂರ ಹೋದೆ. ಒಂದು ಬಂಡೆ ಸುತ್ತಿದರೆ ಅದರಾಚೆ ತೆವಳಿಕೊಂಡು ಹೋಗುವಷ್ಟೇ ಜಾಗ. ಬ್ಯಾಟರಿ ಬಿಟ್ಟೆ. ಬೆಳಕು ಸ್ವಲ್ಪ ದೂರ ಹೋಗಿ ಕತ್ತಲೆಯಲ್ಲಿ ಇಂಗಿಹೋಯಿತು. ಒಳಗಿನಿಂದ ಬಾವಲಿಯ ವಾಸನೆ ಬಂತು. ಆ ವಾಸನೆಯೊಳಗೆ ನಮ್ಮ ಅಟ್ಟವಿತ್ತು. ಎಲ್ಲೋ ಒಂದು ಸಣ್ಣ ಕಲ್ಲು ಜರುಗಿತು, ಯಾರೋ ಎದ್ದು ಕೂತ ಹಾಗೆ. ನನ್ನ ಕಾಲು ಅಲ್ಲೇ ನಿಂತಿತು. ಬಂಡೆಗೆ ಬೆನ್ನು ಕೊಟ್ಟು, ಬೆಳಕು ಬರುವ ಕಡೆಗೆ ಮುಖ ಮಾಡಿ, ಒಳಗೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಬಹುದೋ ಅಷ್ಟು ಹೊತ್ತು ನಿಂತಿದ್ದೆ. ಹೊರಗೆ ಅವನು ಕೆಮ್ಮುವುದು ಕೇಳುತ್ತಿತ್ತು. ಆಮೇಲೆ ಏದುಸಿರು ನಟಿಸುತ್ತಾ ಬಂದೆ.

“ಎಂಗಿತ್ತು ಭಾವ?”

“ಅದ್ಭುತ ಕಣಯ್ಯ. ಹೇಳೋಕಾಗಲ್ಲ.”

ಆ ಮಾತು ಮಾತ್ರ ನಿಜ. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಊರಿಗೆ ಬಂದ ಮೇಲೆ ಹೇಳುವುದು ತಾನಾಗಿಯೇ ಬಂತು. ನಂಜಪ್ಪನ ಮುಂದೆ ಶುರುವಾದದ್ದು ಇಡೀ ಪೇಟೆಗೆ ಹಬ್ಬಿತು. ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿತ್ತು ಎಂದೆ. ಬೆಳಕು ಬಿಟ್ಟರೆ ಕಲ್ಲು ಸಕ್ಕರೆ ಅಚ್ಚಿನ ಹಾಗೆ ಹೊಳೆಯಿತು ಎಂದೆ. ಒಳಗೆ ಹೋದಷ್ಟೂ ಸೆಕೆ ಎಂದೆ. ಎಲ್ಲವೂ ಪುಟ್ಟಸ್ವಾಮಿ ಗಣಿಯ ಬಗ್ಗೆ ಹೇಳಿದ ಮಾತು. ಅವನ ಸರಕನ್ನು ನನ್ನ ಚೀಲಕ್ಕೆ ತುಂಬಿ ಮಾರಿದೆ. ಗಾದಿಯ ಹಿಂದಿನ ಬಾಗಿಲಲ್ಲಿ ಗೌರಿ ಕಾಫಿ ಲೋಟ ಹಿಡಿದು ನಿಂತು ಎಷ್ಟೋ ಸಲ ಕೇಳಿದಳು. ಲೋಟ ಇಟ್ಟು ಒಳಗೆ ಹೋಗುತ್ತಿದ್ದಳು.

ಮುಂದಿನ ವರ್ಷ ತುಂಬುವ ಮೊದಲೇ ಪುಟ್ಟಸ್ವಾಮಿ ಕೆಲಸ ಬಿಟ್ಟು ಬಂದ. ಕಲ್ಲಿನ ದೂಳು ಎದೆಯಲ್ಲಿ ಕೂತಿದೆ, ಅದಕ್ಕೆ ಔಷಧಿ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಆ ರೋಗ ಬೆಟ್ಟ ಹತ್ತಿದ್ದರಿಂದ ಬಂದದ್ದಲ್ಲ, ಬೆಟ್ಟ ಹತ್ತದಿದ್ದರೆ ಹೋಗುತ್ತಿರಲೂ ಇಲ್ಲ. ಇದನ್ನು ನನಗೆ ಆ ಡಾಕ್ಟರೂ ಹೇಳಿದರು, ನಾನೂ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವನಿಗೆ ಅಳೆದು ಉಳಿದಿದ್ದ ಉಸಿರಿನಲ್ಲಿ ಒಂದು ಪಾಲನ್ನು ನಾನು ಆ ಬಂಡೆಗಳ ಮೇಲೆ ಖರ್ಚು ಮಾಡಿಸಿದೆ. ನೋಡದೇ ಬಂದ ಒಂದು ಗವಿಗೋಸ್ಕರ.

ಅವನನ್ನು ಚನ್ನರಾಯಪಟ್ಟಣದಲ್ಲಿ ನಮ್ಮ ಮನೆಯ ನಡುಮನೆಯಲ್ಲಿಯೇ ಇರಿಸಿಕೊಂಡೆವು. ಮಲಗಲಾಗುತ್ತಿರಲಿಲ್ಲ, ದಿಂಬುಗಳಿಗೆ ಒರಗಿ ಕೂತಿರುತ್ತಿದ್ದ. ಒಂದು ಮಧ್ಯಾಹ್ನ ಗೌರಿ ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದಳು. ಇವತ್ತು ಹೇಳಿಬಿಡಬೇಕು ಎಂದುಕೊಂಡು ಅವನ ಹತ್ತಿರ ಹೋಗಿ ಕೂತೆ. ಪುಟ್ಟಸ್ವಾಮಿ, ನಾನು ಒಳಗೆ ಹೋಗಲಿಲ್ಲ ಕಣೋ. ಇಷ್ಟೇ ಮಾತು.

ಹೇಳುವ ಮೊದಲೇ ಅವನೇ ಕೇಳಿದ. “ಭಾವ, ಆ ಗವಿ ಒಳಗೆ ಎಂಗಿತ್ತು? ಅವತ್ತು ಸರಿಯಾಗಿ ಯೋಳ್ಲೇ ಇಲ್ಲ ನೀವು.”

ಅವನ ಕಣ್ಣಲ್ಲಿ ಆಸೆ ಇತ್ತು. ನಾನು ಹೇಳಿದೆ. ಹನಿ ತೊಟ್ಟಿಕ್ಕುವ ನೀರು, ಹೊಳೆಯುವ ಕಲ್ಲು, ಒಳಗೆ ಹೋದಷ್ಟೂ ಅಗಲವಾಗುವ ಜಾಗ. ನಂಜಪ್ಪನಿಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದೆ. ಅವನ ಮಾತನ್ನು ಅವನಿಗೇ ಮಾರಿದೆ. ಅವನು ಕಣ್ಣು ಮುಚ್ಚಿ, ತುಟಿಯ ಮೇಲೆ ಸಣ್ಣ ನಗು ಇಟ್ಟುಕೊಂಡು ಕೊನೆಯವರೆಗೂ ಕೇಳಿದ.

“ಚೆನ್ನಾಗೈತೆ ಭಾವ. ನೀ‍ವು ಬಂದಿದ್ದು ಸಾರ್ಥಕ ಆಯ್ತು ಬುಡಿ.”

ಆ ವಾರವೇ ಅವನು ಹೋದ.

ಆಮೇಲೆ ಗವಿಯ ಕಥೆಯನ್ನು ನಾನು ಪೇಟೆಯಲ್ಲಿ ಹೇಳಲಿಲ್ಲ. ಆದರೆ ಕಥೆ ನನ್ನನ್ನು ಬಿಡಲಿಲ್ಲ. ನೆಂಟರು ಕೇಳುತ್ತಿದ್ದರು, ಮಗಳು ಚಿಕ್ಕವಳಿದ್ದಾಗ ಕೇಳುತ್ತಿದ್ದಳು, ಆಮೇಲೆ ಅವಳೇ ತನ್ನ ಮಗಳಿಗೆ ಹೇಳಿದಳು. ತಾತ ಭೂಮಿಯ ಒಳಗೆ ಹೋಗಿ ಬಂದಿದ್ದಾರೆ. ಗೌರಿ ಒಂದು ದಿನವೂ ಒಂದು ಮಾತು ಆಡಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲವೆಂದೇ ತಿಳಿದು ನಾನು ನಲವತ್ತು ವರ್ಷದ ಮೇಲೆ ಸಂಸಾರ ಮಾಡಿದೆ.

ಅವಳು ಹಾಸಿಗೆ ಹಿಡಿದಿದ್ದಾಗ ಒಂದು ದಿನ ನಾನು ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಸಾಕೆಂದಳು. ಕಿಟಕಿಯ ಕಡೆ ನೋಡುತ್ತಾ, ಊರಿನ ಮಾತು ಹೇಳುವ ಹಾಗೆ ಹೇಳಿದಳು:

“ಅವತ್ತು ಗವಿ ಒಳಕ್ಕೆ ನೀವು ಓಗ್ಲಿಲ್ಲ, ಅಲ್ವಾ?”

ನಾನು ಚಮಚವನ್ನು ಬಟ್ಟಲಿಗೆ ಇಳಿಸಿದೆ.

“ಪಂಚೆ ಒಗೆಯೋಳು ನಾನು. ತೆವಳ್ಕಂಡು ಓಗೋ ಜಾಗಕ್ಕೆ ಓಗ್ಬಂದೋರ ಪಂಚೆ ಮಂಡೀಲಿ ವಸಿ ಮಣ್ಣಾರ ಇರಬೇಕಲ್ಲ. ಮಡಿ ಮಾಡಿ ಕೊಟ್ಟಂಗೇ ಇತ್ತು. ಅಲ್ಲೇ ಕೇಳಾನ ಅಂತ ಬಾಯಿ ತೆಗೆದೆ. ಪುಟ್ಟ ನನ್ ಕೈ ಅಮುಕಿದ. ‘ಸುಮ್ಕಿರಕ್ಕ, ಭಾವ ನಾಚ್ಕೋತಾರೆ’ ಅಂದ. ಉಸಿರು ತಗಳಾಕಾಗ್ದೆ ಕೂತಿದ್ದೋನು, ಅಷ್ಟು ಮಾತಾಡ್ದ.”

“ಮತ್ತೆ ಕೊನೇಲಿ ಯಾಕೆ ಕೇಳ್ದ ನನ್ನ?” ಎಂದೆ.

“ನೀವು ಮುಖ ಇಳೇಬಿಟ್ಕಂಡು ಅವನ ಮುಂದೆ ಕೂತಿದ್ರಂತೆ. ‘ಭಾವ ಅಳ್ತಾರೇನೋ ಅಂತ ಭಯ ಆಯ್ತು ಕಣಕ್ಕ, ಗವಿ ಇಚಾರ ಕೇಳ್ದೆ, ಸಮಾಧಾನ ಆದ್ರು’ ಅಂತ ಅವನೇ ಯೋಳ್ದ.”

ಇಷ್ಟು ಹೇಳಿ ಅವಳು ಮಗ್ಗಲು ಬದಲಾಯಿಸಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಒಗೆದು, ಹಿಂಡಿ, ಒಣಗಿಸಿ, ಮಡಿಸಿಟ್ಟ ಮಾತು ಅದು. ಅಂದು ನಾನು ಅವಳ ಮುಂದೆ ಅತ್ತೆನೋ ಇಲ್ಲವೋ ನೆನಪಿಲ್ಲ. ಗಂಜಿ ತಣ್ಣಗಾದದ್ದು ನೆನಪಿದೆ.

ಕೊಡೆ ಹಿಡಿದ ಹುಡುಗ ಕೊನೆಯವರೆಗೂ ತುದಿಗಾಲಿನಲ್ಲಿಯೇ ನಿಂತಿದ್ದ. ನಾನು ಒಂದು ಸಲವೂ ಬಗ್ಗಲಿಲ್ಲ.

ಹೋದ ವಾರ ಚೈತ್ರಳ ಕಾಲೇಜಿನವರು ಕೋಲಾರದ ಕಡೆ ಪ್ರವಾಸ ಹೊರಟಿದ್ದಾರೆಂದು ಗೊತ್ತಾಯಿತು. ಹಾಲಿಗೆ ಜೊತೆಯಲ್ಲಿ ಬಂದವಳು ದಾರಿಯುದ್ದಕ್ಕೂ ಅದೇ ಮಾತು. ಗಣಿ ಮುಚ್ಚಿಹೋಗಿದೆಯಂತೆ, ಬಿಳೀ ಗುಡ್ಡಗಳು ಹಾಗೇ ಇವೆಯಂತೆ, ಆಮೇಲೆ ಅಂತರಗಂಗೆಗೂ ಹೋಗುತ್ತಾರಂತೆ.

“ತಾತ, ನೀವು ಹೋಗಿದ್ದ ಗವಿಗೇ ನಾವೂ ಹೋಗ್ತೀವಿ. ಒಳಗೆ ಏನಿದೆ, ಸರಿಯಾಗಿ ಹೇಳಿ.”

ಮೆಟ್ಟಿಲ ಬುಡದಲ್ಲಿದ್ದೆವು. ನಾನು ಕಂಬಿ ಹಿಡಿದುಕೊಂಡೆ.

“ನಂಗೊತ್ತಿಲ್ಲ ಮಗ. ನಾನು ಒಳಗೆ ಹೋಗಿಲ್ಲ.”

“ಸುಮ್ನಿರಿ ತಾತ.”

“ನಿಜ ಕಣಮ್ಮ. ಹೆದ್ರಿಕೆ ಆಯ್ತು, ಬಾಗಿಲಲ್ಲೇ ನಿಂತಿದ್ದು ಬಂದ್ಬುಟ್ಟೆ. ನಿಮ್ಮಜ್ಜಿ ತಮ್ಮ ಒಬ್ಬ ಇದ್ದ, ಪುಟ್ಟಸ್ವಾಮಿ ಅಂತ. ಅವನಿಗೆ ಗೊತ್ತಿತ್ತು.”

ಅವಳು ನನ್ನ ಮುಖ ನೋಡಿದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ನನ್ನ ಕೈಯಿಂದ ಹಾಲು ತೆಗೆದುಕೊಂಡು ಮುಂದೆ ಹತ್ತಿದಳು. ನಾನು ಹಿಂದೆ ಹತ್ತಿದೆ. ತಿರುವು ಬಂದಾಗ ನನಗಿಂತ ಮೊದಲು ಅವಳೇ ನಿಂತು ಕಿಟಕಿಯ ಸರಳು ಹಿಡಿದಳು.

“ತಾತ, ಇಲ್ನೋಡಿ. ವಾಟರ್ ಟ್ಯಾಂಕ್ ಮೇಲೆ ಗಿಡುಗ ಕೂತಿದೆ.”

ಹೋಗಿ ಅವಳ ಪಕ್ಕದಲ್ಲಿ ನಿಂತೆ. ಟ್ಯಾಂಕಿನ ಮೇಲೆ ಗಿಡುಗ ಇರಲಿಲ್ಲ. ಇಬ್ಬರೂ ಅತ್ತಲೇ ನೋಡುತ್ತಾ ಬಹಳ ಹೊತ್ತು ನಿಂತಿದ್ದೆವು.